ಇಲ್ಲದ್ದನ್ನು ಎಣಿಸೋದು ಹೇಗೆ?

ಕುವೆಂಪುನಗರದಲ್ಲೋ ಸರಸ್ವತಿಪುರಂನಲ್ಲೋ ಒಂದು ಸೂಪರ್ ಮಾರ್ಕೆಟ್‌ಗೆ ಹೋಗಿ, ಶೆಲ್ಫಿನಲ್ಲಿ ಏನೇನು ಖಾಲಿಯಾಗಿದೆ ಅಂತ ಎಣಿಸಿ ನೋಡಿ. ಇರೋದನ್ನು ಎಣಿಸೋದು ಸುಲಭ. ಇಲ್ಲದ್ದನ್ನು ಎಣಿಸೋಕೆ ಅಲ್ಲಿ ಏನಿರಬೇಕಿತ್ತು ಅನ್ನೋ ಪಟ್ಟಿ ಬೇಕು. ಶೆಲ್ಫಿನ ಅಂಚಿಗೆ ಅಂಟಿಸಿರೋ ಬೆಲೆ ಚೀಟಿಗಳೇ ಆ ಪಟ್ಟಿ. 200 ಚೀಟಿಗಳಲ್ಲಿ 14ರ ಹಿಂದೆ ಮಾಲಿಲ್ಲ ಅಂದ್ರೆ ಶೇ. 7 ಖಾಲಿ. 2002ರಲ್ಲಿ ಗ್ರುಯೆನ್, ಕಾರ್ಸ್ಟನ್, ಭಾರದ್ವಾಜ್ ಅನ್ನೋ ಸಂಶೋಧಕರು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಸರಾಸರಿ ಶೇ. 8.3 ಬಂತು. ಹೆಚ್ಚುಕಮ್ಮಿ ಹನ್ನೆರಡರಲ್ಲಿ ಒಂದು!

ಆದರೆ ಖಾಲಿ ಜಾಗ ಖಾಲಿಯಾಗಿ ಕಾಣೋದೇ ಇಲ್ಲ. ಮೈಸೂರ್ ಸ್ಯಾಂಡಲ್ ಸೋಪನ್ನೇ ತಗೊಳ್ಳಿ. 75 ಗ್ರಾಂ, 125 ಗ್ರಾಂ ನಮಗೆ ಒಂದೇ ಸೋಪು, ಅಂಗಡಿಯ ಲೆಕ್ಕಕ್ಕೆ ಎರಡು ಬೇರೆ ವಸ್ತು. 125 ಗ್ರಾಂ ಮುಗಿದಾಗ ಕೆಲಸದವರು 75 ಗ್ರಾಂನವನ್ನೇ ಅಗಲವಾಗಿ ಜೋಡಿಸಿಬಿಟ್ಟರೆ ಶೆಲ್ಫ್ ತುಂಬಿದ ಹಾಗೇ ಇರುತ್ತೆ. ಅದಕ್ಕೇ ಪ್ರತಿ ಚೀಟಿಯನ್ನೂ ಅದರ ಹಿಂದಿರೋ ಪ್ಯಾಕೆಟ್ ಜೊತೆ ತಾಳೆ ನೋಡಬೇಕು.

ಇಷ್ಟೆಲ್ಲ ಯಾಕೆ, ಕಂಪ್ಯೂಟರ್ ಕೇಳಿದ್ರೆ ಸಾಲದಾ? ಸಾಲದು. ಡಿಹೊರೇಷಿಯಸ್ ಮತ್ತು ರಾಮನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 37 ಮಳಿಗೆಗಳ ಸುಮಾರು 3,70,000 ಸ್ಟಾಕ್ ದಾಖಲೆಗಳ ಪೈಕಿ ಶೇ. 65 ತಪ್ಪಿದ್ದವು. ಕಳ್ಳತನ ಆಗಿರುತ್ತೆ, ಪ್ಯಾಕೆಟ್ ಒಡೆದಿರುತ್ತೆ, ಎರಡು ಬೇರೆ ಫ್ಲೇವರ್ ಬಿಸ್ಕೆಟ್ ಇದ್ದರೂ ಬಿಲ್ಲಿಂಗ್‌ನಲ್ಲಿ ಒಂದನ್ನೇ ಎರಡು ಸಲ ಸ್ಕ್ಯಾನ್ ಮಾಡಿರ್ತಾರೆ. ಕಂಪ್ಯೂಟರ್‌ನಲ್ಲಿ 5 ಇದೆ, ಶೆಲ್ಫಿನಲ್ಲಿ ಸೊನ್ನೆ. ಇದಕ್ಕೆ ಫ್ಯಾಂಟಮ್ ಇನ್ವೆಂಟರಿ ಅಂತಾರೆ. ನಾವು ದೆವ್ವದ ಸ್ಟಾಕ್ ಅನ್ನೋಣ. 5 ಇದೆ ಅಂತ ನಂಬಿದ ಕಂಪ್ಯೂಟರ್ ಹೊಸ ಆರ್ಡರ್ ಹಾಕಲ್ಲ, ಮಾಲು ಬರಲ್ಲ.

ಈ ದೆವ್ವ ಹಿಡಿಯೋಕೆ, ಮಾರ್ಕ್ಸ್‌ಗೋಸ್ಕರ ಉರು ಹೊಡೆದ ಪಾಯ್ಸಾನ್ ಡಿಸ್ಟ್ರಿಬ್ಯೂಷನ್ ಉಪಯೋಗಕ್ಕೆ ಬರುತ್ತೆ. 12 ಗಂಟೆ ತೆರೆದಿರೋ ಅಂಗಡಿಯಲ್ಲಿ ಒಂದು ವಸ್ತು ದಿನಕ್ಕೆ ಸರಾಸರಿ 6 ಹೋಗುತ್ತೆ, ಬೇಡಿಕೆ ಇಡೀ ದಿನ ಒಂದೇ ಸಮ ಅಂದುಕೊಳ್ಳಿ. 8 ಗಂಟೆಯಲ್ಲಿ 4 ಹೋಗಬೇಕು. ಮಾಲಿದ್ದೂ ಒಂದೂ ಹೋಗದಿರೋ ಸಂಭವ ಸುಮಾರು ಶೇ. 1.8. ಅಂದ್ರೆ ಹೋಗಿ ಶೆಲ್ಫ್ ನೋಡಿ ಅಂತ ಅರ್ಥ. ವಾರಕ್ಕೆ ಒಂದು ಹೋಗೋ ವಸ್ತುವಿಗೆ ಈ ಉಪಾಯ ನಡೆಯಲ್ಲ. ಮಾಲಿದ್ದರೂ ಇಡೀ ವಾರ ಸುಮ್ಮನಿರೋ ಸಂಭವವೇ ಶೇ. 37.

ಎಣಿಸೋ ಹೊತ್ತೂ ಮುಖ್ಯ. 40 ಪ್ಯಾಕೆಟ್ ಹಾಲು ತರಿಸಿ, ಬೆಳಿಗ್ಗೆ 8ಕ್ಕೇ ಮುಗಿದರೆ, ರಾತ್ರಿ ಲೆಕ್ಕದಲ್ಲಿ ‘40 ಮಾರಾಟ’ ಅಂತಷ್ಟೇ ಇರುತ್ತೆ. 9 ಗಂಟೆಗೆ ಬಂದು ಬರಿಗೈಲಿ ಹೋದವರು ಎಲ್ಲೂ ಇಲ್ಲ, ನಾಳೆಯೂ 40 ತರಿಸ್ತಾರೆ. ಹಾಲು ಹೇಗೂ ಬರುತ್ತೆ ಬಿಡಿ. ಸಣ್ಣ ಊರಿನ ಯಾರೋ ಮಾಡಿದ ಹುರಿಹಿಟ್ಟು ತಿಂಗಳಲ್ಲಿ ಇಪ್ಪತ್ತು ದಿನ ಶೆಲ್ಫಿನಲ್ಲೇ ಇಲ್ಲದಿದ್ದರೂ ದಾಖಲೆಯಲ್ಲಿ ಕಾಣೋದು ‘ಮಾರಾಟ ಕಮ್ಮಿ’ ಅಂತ. ಆಮೇಲೆ ಅದರ ಚೀಟಿಯನ್ನೇ ಕಿತ್ತುಹಾಕ್ತಾರೆ, ಖಾಲಿ ಅಂತ ಎಣಿಸೋಕೂ ಏನೂ ಉಳಿಯಲ್ಲ.

ಅಗ್ರಹಾರದ ದಿನಸಿ ಅಂಗಡಿಯಲ್ಲಿ ಪ್ರತಿ ಗಿರಾಕಿಗೂ ‘ಇಲ್ಲಮ್ಮ, ನಾಳೆ ಬರುತ್ತೆ’ ಅಂತ ಯಜಮಾನರೇ ಬಾಯಿಬಿಟ್ಟು ಹೇಳಬೇಕು. ಹಾಗಾಗಿ ಎಷ್ಟು ಜನ ಕೇಳಿ ಹೋದರು ಅಂತ ಅವರಿಗೆ ಗೊತ್ತಿರುತ್ತೆ. ಸೂಪರ್ ಮಾರ್ಕೆಟ್‌ನಿಂದ ನಾವು ಯಾರಿಗೂ ಹೇಳದೆ ಹೊರಗೆ ಬಂದಿರ್ತೀವಿ.