ಅಡಿಗೆಮನೆಯಲ್ಲಿ ದೊರೆತ ವಿಶ್ರಾಂತಿ

ವಿಶ್ರಾಂತಿ ಎಂದೊಡನೆ ಕೆಲಸವನ್ನು ಕೆಳಗಿರಿಸುವುದೆಂದೇ ನಾವು ತಿಳಿಯುತ್ತೇವೆ. ಶಾಲೆಯ ಕೊನೆಯ ಗಂಟೆ ಬಾರಿಸಿದ ಮೇಲೆ ಮನೆಗೆ ಬಂದ ಉಪಾಧ್ಯಾಯನು ಜಗಲಿಯ ಮೇಲೆ ಕುಳಿತರೆ ದೇಹಕ್ಕೇನೋ ವಿಶ್ರಾಂತಿ ದೊರೆಯಿತು; ಮನಸ್ಸು ಮಾತ್ರ ನಾಳೆಯ ಚಿಂತೆಯನ್ನು ಹೊತ್ತು ತಿರುಗುತ್ತಲೇ ಇರುತ್ತದೆ. ದೇಹ ಕುಳಿತರೂ ಕುಳಿತುಕೊಳ್ಳದ ಈ ಮನಸ್ಸಿಗೆ ವಿಶ್ರಾಂತಿ ಎಲ್ಲಿ? ಈ ಪ್ರಶ್ನೆಗೆ ಕ್ರೈಸ್ತ ಸಾಧಕರು ಕಂಡುಕೊಂಡ ಉತ್ತರವನ್ನು ಒಬ್ಬ ಅಡಿಗೆಯವನ ಬಾಳಿನ ಮೂಲಕ ಇಲ್ಲಿ ವಿಚಾರಿಸೋಣ.

ಮತ್ತಾಯನ ಸುವಾರ್ತೆಯ 11ನೆಯ ಅಧ್ಯಾಯದ ಕೊನೆಯಲ್ಲಿ ಯೇಸುಕ್ರಿಸ್ತನು ಹೊರೆ ಹೊತ್ತು ಬಳಲಿದವರನ್ನು ತನ್ನ ಬಳಿಗೆ ಕರೆದು ವಿಶ್ರಾಂತಿಯ ಭರವಸೆ ಕೊಡುತ್ತಾನೆ. ಆದರೆ ಅದೇ ಉಸಿರಿನಲ್ಲಿ ತನ್ನ ನೊಗವನ್ನು ಹೊರಬೇಕೆಂದೂ ಹೇಳುತ್ತಾನೆ. ವಿಶ್ರಾಂತಿಗೂ ನೊಗಕ್ಕೂ ಎಲ್ಲಿಯ ನಂಟು? ಒಕ್ಕಲುತನ ಬಲ್ಲವರಿಗೆ ಇದು ಕಠಿಣವಲ್ಲ. ಹೊಸ ಹೋರಿಯನ್ನು ಪಳಗಿದ ಎತ್ತಿನ ಜೊತೆಗೆ ಹೂಡುತ್ತಾರಷ್ಟೆ. ಗಳೆ ತಪ್ಪುವುದಿಲ್ಲ, ಆದರೆ ಹೋರಿಯು ಒಂಟಿಯಾಗಿ ಎಳೆಯುವುದಿಲ್ಲ. ಮುಂದಿನ ಅಧ್ಯಾಯವು ಸಬ್ಬತ್ ದಿನದ ವಾದದಿಂದಲೇ ಮೊದಲಾಗುವುದೂ ಗಮನಾರ್ಹ. ಕ್ರಿಸ್ತನು ಹೇಳಿದ ವಿಶ್ರಾಂತಿ ವಾರದ ಒಂದು ದಿನಕ್ಕೆ ಸೇರಿದುದಲ್ಲ, ಒಬ್ಬನ ಸಂಗಡ ನಡೆಯುವುದಕ್ಕೆ ಸೇರಿದುದು. ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದ ದ್ರಾಕ್ಷಾಬಳ್ಳಿ ಮತ್ತು ಕೊಂಬೆಗಳ ಹೋಲಿಕೆಯೂ ಇದನ್ನೇ ಸಾರುತ್ತದೆ.

ಈ ತತ್ತ್ವವನ್ನು ಬಾಳಿ ತೋರಿದವನು ಸಹೋದರ ಲಾರೆನ್ಸ್. ಇವನ ಮೊದಲಿನ ಹೆಸರು ನಿಕೊಲಾ ಎರ್ಮಾನ್. 1614ರ ಸುಮಾರಿಗೆ ಲೊರೇನ್ ಪ್ರಾಂತದಲ್ಲಿ ಹುಟ್ಟಿದನು. 18ನೆಯ ವಯಸ್ಸಿನಲ್ಲಿ ಒಂದು ಚಳಿಗಾಲ, ಎಲೆಯುದುರಿ ಬರಿದಾದ ಮರವೊಂದನ್ನು ಕಂಡು, ಇದು ಮತ್ತೆ ಚಿಗುರಿ ಹೂಬಿಟ್ಟು ಕಾಯಾಗುವುದಲ್ಲವೇ ಎಂದು ಚಿಂತಿಸಿದಾಗ ಅವನಲ್ಲಿ ದೈವಪ್ರೇಮ ಅಂಕುರಿಸಿತು. ಅನಂತರ ಸೈನಿಕನಾಗಿ ಕಾಲಿಗೆ ಪೆಟ್ಟು ತಿಂದು ಕುಂಟಾದನು. ಶ್ರೀಮಂತರೊಬ್ಬರ ಮನೆಯ ಆಳಾಗಿದ್ದಾಗ ಕೈಗೆ ಸಿಕ್ಕಿದ್ದನ್ನೆಲ್ಲ ಒಡೆಯುತ್ತಿದ್ದನಂತೆ. ಕೊನೆಗೆ 1640ರಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠವನ್ನು ಸೇರಿದನು. ಪಾದ್ರಿಯಾಗುವ ವಿದ್ಯೆ ಅವನಿಗಿರಲಿಲ್ಲ. ಅಡಿಗೆಮನೆಯ ಕೆಲಸ ಪಾಲಿಗೆ ಬಂದಿತು. ಆ ಕೆಲಸವೆಂದರೆ ಅವನಿಗೆ ಸ್ವಭಾವತಃ ಬೇಸರ. ಆದರೂ ಸುಮಾರು 15 ವರ್ಷ ಅದನ್ನೇ ಮಾಡಿದನು. ಮುಂದೆ ಮಠದವರ ಪಾದರಕ್ಷೆಗಳನ್ನು ಹೊಲಿಯುತ್ತಿದ್ದನು.

ಅವನ ಸಾಧನೆ ಬಹು ಸರಳವಾದುದು. ಕೆಲಸಕ್ಕೆ ಕೈ ಹಚ್ಚುವ ಮೊದಲು ದೇವರ ನೆರವು ಬೇಡುವನು. ನಡುನಡುವೆ ಗೆಳೆಯನೊಡನೆಂಬಂತೆ ಒಂದೆರಡು ಮಾತನಾಡುವನು. ಕೆಲಸ ಚೆನ್ನಾದರೆ ಕೃತಜ್ಞತೆ, ಕೆಟ್ಟರೆ ಕ್ಷಮಾಯಾಚನೆ. ಮನಸ್ಸು ಅಲೆದರೆ ತನ್ನನ್ನು ಹಳಿದುಕೊಳ್ಳುತ್ತ ಕೂಡದೆ ಮೆಲ್ಲನೆ ತಿರುಗಿ ಕರೆತರುವನು. ಬಾಣಲೆಯಲ್ಲಿ ಮೊಟ್ಟೆದೋಸೆಯನ್ನು ಮಗುಚುವುದೂ ಅವನಿಗೆ ಆರಾಧನೆಯೇ. ಮಠಕ್ಕೆ ದ್ರಾಕ್ಷಾರಸ ಕೊಳ್ಳಲು ದೂರದ ಬರ್ಗಂಡಿಗೆ ಕಳುಹಿಸಿದಾಗ, ಕುಂಟುಗಾಲಿನಿಂದಾಗಿ ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಯೇ ಸಾಗಬೇಕಾಯಿತು. ಇದು ನಿನ್ನ ಕೆಲಸವೆಂದು ದೇವರಿಗೊಪ್ಪಿಸಿ ಅವನು ನಿಶ್ಚಿಂತನಾದನು.

ಆದರೆ ಈ ಶಾಂತಿ ಅಗ್ಗವಾಗಿ ಬಂದುದೆಂದು ಯಾರೂ ಭ್ರಮಿಸಬಾರದು. ಮೊದಲಿನ ಸುಮಾರು ಹತ್ತು ವರ್ಷ ಅವನು ಒಳಗೊಳಗೇ ಬೆಂದನು. ತನಗೆ ನರಕವೇ ಗತಿಯೆಂಬ ಭೀತಿ ನಾಲ್ಕು ವರ್ಷ ಬಿಡದೆ ಕಾಡಿತು. ಯಾರ ಸಮಾಧಾನವೂ ನಾಟಲಿಲ್ಲ. ಕಟ್ಟಕಡೆಗೆ, ತಾನು ಉಳಿಯಲಿ ಅಳಿಯಲಿ, ಬದುಕಿರುವಷ್ಟು ಕಾಲ ದೇವರ ಪ್ರೀತಿಗಾಗಿಯೇ ಎಲ್ಲವನ್ನೂ ಮಾಡುವೆನೆಂದು ನಿಶ್ಚಯಿಸಿದನು. ಭಯ ಕಳಚಿತು. ಇಲ್ಲಿಯೇ ಈ ವಿಷಯದ ಮರ್ಮವಿದೆಯೆಂದು ನಾವು ಭಾವಿಸುತ್ತೇವೆ. ತನ್ನ ಗತಿಯನ್ನೇ ಎಣಿಸುತ್ತಿರುವವರೆಗೆ ಅವನಿಗೆ ನೆಮ್ಮದಿಯಿರಲಿಲ್ಲ; ಆ ಲೆಕ್ಕವನ್ನು ಬಿಟ್ಟಾಗ ಅದು ತಾನಾಗಿ ಬಂದಿತು.

ಲಾರೆನ್ಸನು 1691ರ ಫೆಬ್ರವರಿ 12ರಂದು ತೀರಿಕೊಂಡನು. ಅವನು ಗ್ರಂಥಕಾರನಲ್ಲ. 1666ರಿಂದ ಅವನೊಡನೆ ಸಂಭಾಷಿಸಿದ್ದ ಜೋಸೆಫ್ ದ ಬೋಫೋರ್ ಎಂಬ ಪಾದ್ರಿಯು ಆ ಮಾತುಗಳನ್ನೂ ಅವನ ಪತ್ರಗಳನ್ನೂ ಸಂಗ್ರಹಿಸಿ 1692 ಮತ್ತು 1694ರಲ್ಲಿ ಪ್ರಕಟಿಸಿದನು. ಕ್ಯಾಥೊಲಿಕ್ ಮಠದ ಈ ಅಡಿಗೆಯವನ ನುಡಿಗಳನ್ನು ಪ್ರೊಟೆಸ್ಟೆಂಟರೂ ಆದರಿಸಿದರು. ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿಯು ತನ್ನ ಗ್ರಂಥಮಾಲೆಯಲ್ಲಿ ಅವಕ್ಕೆ ಸ್ಥಾನ ಕೊಟ್ಟನು.

ಕನ್ನಡಿಗರಿಗೆ ಇದನ್ನು ಓದುವಾಗ ಶರಣರ ಕಾಯಕ ನೆನಪಾಗುವುದು ಸಹಜ. ಇವೆರಡಕ್ಕೂ ಕೊಡುಕೊಳ್ಳುವಿಕೆಯ ಸಂಬಂಧವಿಲ್ಲ, ತತ್ತ್ವಭೇದವೂ ಉಂಟು. ಎರಡನ್ನೂ ಒಂದೇ ಎನ್ನುವುದು ಎರಡಕ್ಕೂ ನ್ಯಾಯವಲ್ಲ. ಆದರೂ ದುಡಿಯುವ ಕೈಯನ್ನು ಪೂಜೆಯಿಂದ ಬೇರ್ಪಡಿಸದ ನಾಡಿನವರಿಗೆ ಲಾರೆನ್ಸನು ಪರಕೀಯನಾಗಿ ತೋರಲಾರನು.

ಪ್ರಾರ್ಥನೆಗೆ ಬಿಡುವಿಲ್ಲವೆಂದು ನಾವು ಆಗಾಗ ಹೇಳುವುದುಂಟು. ಮಡಕೆ ಕುಡಿಕೆಗಳ ಸದ್ದು, ಒಮ್ಮೆಲೆ ಹತ್ತು ಮಂದಿಯ ಕರೆ, ನೋಯುವ ಕಾಲು, ಬೇಡದ ಕೆಲಸ: ಇವುಗಳ ನಡುವೆ ನಿಂತವನೊಬ್ಬನು ಬಿಡುವನ್ನು ಕಾಯದೆ ವಿಶ್ರಾಂತಿ ಪಡೆದನು. ನಾಳೆ ಬೆಳಗ್ಗೆ ಹಾಜರಿ ಪುಸ್ತಕವನ್ನು ತೆರೆಯುವ ಮುನ್ನ ಒಂದು ಕ್ಷಣ ಅವನನ್ನು ನೆನೆದರೆ, ನಮಗೂ ಅದರ ರುಚಿ ಅಷ್ಟಿಷ್ಟಾದರೂ ತಿಳಿದೀತು.