ಕಡ್ಡಿಯಂಥ ಮಗುವಿಗೂ ಕೊಲೆಸ್ಟರಾಲೇ?

"ನಮ್ಮ ಪುಟ್ಟ ಕಡ್ಡಿ ಹಾಗಿದ್ದಾನೆ, ತುಪ್ಪ ಕಂಡರೆ ಮುಖ ತಿರುಗಿಸ್ತಾನೆ. ಅವನಿಗೆಲ್ಲಿಯ ಕೊಲೆಸ್ಟರಾಲ್?" ಅಂತ ನಗುವ ತಾಯಂದಿರೇ ಹೆಚ್ಚು. ಆದರೆ ತವರಿನಲ್ಲಾಗಲಿ ಗಂಡನ ಮನೆಯಲ್ಲಾಗಲಿ, ನಲವತ್ತು ನಲವತ್ತೈದಕ್ಕೇ ಎದೆನೋವೆಂದು ಕುಸಿದವರು ಇದ್ದಾರೆಯೆ? "ನಮ್ಮ ವಂಶದ ಗಂಡಸರ ಆಯುಸ್ಸೇ ಅಷ್ಟು" ಎಂದು ಹಣೆಬರಹವನ್ನು ಹಳಿಯುವ ಮನೆಗಳಲ್ಲಿ ಕೆಲವೊಮ್ಮೆ ನಿಜವಾದ ಕಾರಣ ಒಂದು ಕೆಟ್ಟ ಜೀನು.

ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲನ್ನು ರಕ್ತದಿಂದ ಒಳಗೆಳೆದುಕೊಳ್ಳಲು ಲಿವರಿನ ಜೀವಕೋಶಗಳಿಗೆ ಬಾಗಿಲುಗಳಂಥ ಏರ್ಪಾಡಿದೆ. ಇದನ್ನು ಕಂಡುಹಿಡಿದ ಅಮೆರಿಕದ ಬ್ರೌನ್ ಮತ್ತು ಗೋಲ್ಡ್‌ಸ್ಟೀನರಿಗೆ 1985ರಲ್ಲಿ ನೊಬೆಲ್ ಬಂತು. ಜೀನು ಕೆಟ್ಟರೆ ಅರ್ಧ ಬಾಗಿಲು ಮುಚ್ಚಿದ ಹಾಗೆ. ಮಗು ಏನೇ ತಿನ್ನಲಿ, ಹುಟ್ಟಿದಾಗಿನಿಂದಲೇ ಕೊಲೆಸ್ಟರಾಲ್ ಹೆಚ್ಚು. ಸುಮಾರು 250 ಜನರಲ್ಲಿ ಒಬ್ಬರಿಗೆ ಈ ದೋಷವಿದೆಯೆಂದು ಅಂದಾಜು. ತಂದೆತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಇಬ್ಬರಿಂದಲೂ ಬಂದರೆ ಮೊಣಕೈ, ಮೊಣಕಾಲು, ಹಿಮ್ಮಡಿಯ ಬಳಿ ಹಳದಿ ಗಂಟುಗಳೇಳುತ್ತವೆ, ಹದಿವಯಸ್ಸಿನಲ್ಲೇ ಹೃದಯಾಘಾತವಾದದ್ದುಂಟು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಕಡೆ ಇದನ್ನು ಮರೆಯುವಂತಿಲ್ಲ.

ಮೊದಲು ಸಾಧಾರಣ ರಕ್ತಪರೀಕ್ಷೆ ಸಾಕು. ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದ್ರೋಗವಿದ್ದು ಮಗುವಿನ ಎಲ್‌ಡಿಎಲ್ 160 ದಾಟಿದ್ದರೆ, ಇಲ್ಲದಿದ್ದರೂ 190 ದಾಟಿದ್ದರೆ, ಡಾಕ್ಟರು ಜೀನ್ ಪರೀಕ್ಷೆಯ ಮಾತೆತ್ತಬಹುದು. ಇದಕ್ಕೂ ಬೇಕಾದದ್ದು ಸ್ವಲ್ಪ ರಕ್ತ ಅಷ್ಟೇ. ಒಬ್ಬರಲ್ಲಿ ದೋಷ ಸಿಕ್ಕಿತೆನ್ನಿ, ಉಳಿದವರಲ್ಲಿ ಅದೊಂದನ್ನೇ ಹುಡುಕಿದರಾಯಿತು. ಇಲ್ಲದ ಮಗುವಿನ ಬಗ್ಗೆ ಆ ಚಿಂತೆ ಬಿಡಬಹುದು. ಆದರೆ ಮೊದಲ ಪರೀಕ್ಷೆಯಲ್ಲೇ ಏನೂ ಸಿಗದೆ ಎಲ್‌ಡಿಎಲ್ ಮಾತ್ರ ಮೇಲೇ ಇದ್ದರೆ ಔಷಧಿ ಬೇಡವೆಂದಲ್ಲ. ಎಲ್ಲ ಜೀನುಗಳೂ ಇನ್ನೂ ಗೊತ್ತಾಗಿಲ್ಲ. ಸ್ಲೊವೇನಿಯಾ ಎಂಬ ಪುಟ್ಟ ದೇಶದಲ್ಲಿ 1995ರಿಂದ ಐದು ವರ್ಷದ ಮಕ್ಕಳ ಕೊಲೆಸ್ಟರಾಲ್ ನೋಡುವ ಪದ್ಧತಿ ಬಂತು. ಮಗುವಿನಿಂದ ಅಪ್ಪನ ಅಥವಾ ಅಮ್ಮನ ಕಾಯಿಲೆ ಪತ್ತೆಯಾಗುತ್ತದೆ, ನೋಡಿ!

ಇಷ್ಟು ಮುಂಚೆ ತಿಳಿದು ಪ್ರಯೋಜನವೇನು ಅಂತೀರಾ? ಸಾಮಾನ್ಯವಾಗಿ ಎಂಟು ಹತ್ತು ವರ್ಷಕ್ಕೆ ಸ್ಟ್ಯಾಟಿನ್ ಮಾತ್ರೆ ಶುರುಮಾಡುತ್ತಾರೆ. ನೆದರ್‌ಲೆಂಡ್ಸಿನಲ್ಲಿ ಹೀಗೆ ಮಾತ್ರೆ ತಿಂದ ಮಕ್ಕಳನ್ನು ಇಪ್ಪತ್ತು ವರ್ಷ ಗಮನಿಸಿ 2019ರಲ್ಲಿ ವರದಿ ಕೊಟ್ಟರು. 39ನೆಯ ವಯಸ್ಸಿನ ಹೊತ್ತಿಗೆ ಅವರಲ್ಲಿ ಹೃದಯದ ತೊಂದರೆ ಬಂದದ್ದು ನೂರಕ್ಕೆ ಒಬ್ಬರಿಗೆ. ಅದೇ ದೋಷವಿದ್ದ ಅವರ ತಂದೆತಾಯಿಗಳಿಗೆ ಅದೇ ವಯಸ್ಸಿನಲ್ಲಿ ನೂರಕ್ಕೆ 26.

"ಹೆಣ್ಣುಮಗು, ಗೊತ್ತಾದರೆ ನಾಳೆ ಗಂಡು ಸಿಗ್ತಾನಾ?" ಎಂದು ಚೀಟಿಯನ್ನು ಬೀರುವಿನಲ್ಲಿಡುವವರೂ ಇದ್ದಾರೆ. ಮುಚ್ಚಿಟ್ಟರೆ ಆಕೆಗೇ ಕಷ್ಟ: ಗರ್ಭಿಣಿಯಾಗುವ ಮುಂಚೆಯೇ ಈ ಮಾತ್ರೆಯ ಬಗ್ಗೆ ಡಾಕ್ಟರನ್ನು ಕೇಳಬೇಕಾಗುತ್ತದೆ. ಮಗುವನ್ನು ತೋರಿಸಲು ಹೋಗುವಾಗ ಅಜ್ಜ, ಅಜ್ಜಿ, ದೊಡ್ಡಪ್ಪ, ಸೋದರಮಾವ ಯಾರಿಗೆ ಯಾವ ವಯಸ್ಸಿನಲ್ಲಿ ಹೃದಯದ ತೊಂದರೆ ಬಂತು ಎಂದು ಬರೆದುಕೊಂಡು ಹೋಗಿ. ಅತ್ತೆಯವರನ್ನು ಕೇಳಿದರೆ ಅರ್ಧ ಪಟ್ಟಿ ಅಲ್ಲೇ ಸಿಗುತ್ತದೆ.