ಒಡೆಯರಪಾಳ್ಯದ ದಾರಿಯಲ್ಲಿ ಸಭೆ: ಉದಯೋನ್ಮುಖ ಕ್ರೈಸ್ತತ್ವ ಮತ್ತು ನೆರೆಯವರ ಸೇವೆ

‘ಉದಯೋನ್ಮುಖ ಸಭೆ’ ಎಂಬ ಮಾತು 1990ರ ದಶಕದ ಕೊನೆಯಿಂದ ಪಾಶ್ಚಾತ್ಯ ದೇವಶಾಸ್ತ್ರದ ಚರ್ಚೆಗಳಲ್ಲಿ ಹೆಚ್ಚಾಗಿ ಕೇಳಿಬರತೊಡಗಿತು. ದೇವಾಲಯದ ಕಟ್ಟಡಕ್ಕೆ ಜನರನ್ನು ಕರೆತರುವುದಕ್ಕಿಂತ, ಜನರು ಬಾಳುವ ಮನೆ, ಕೆಲಸದ ಸ್ಥಳ, ಬೀದಿಗಳಲ್ಲಿಯೇ ಸಭೆ ಬೇರೂರಬೇಕೆಂಬುದು ಅದರ ಆಶಯ. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯು 2004ರಲ್ಲಿ ಇಂತಹ ಹೊಸ ಸಭಾರೂಪಗಳನ್ನು ಕುರಿತು ಒಂದು ವರದಿಯನ್ನೇ ಪ್ರಕಟಿಸಿತು. ಅದಕ್ಕೂ ಬಹಳ ಮುಂಚೆ, 1968ರಲ್ಲಿ ಮೆಡೆಲಿನ್‌ನಲ್ಲಿ ಸೇರಿದ ಲ್ಯಾಟಿನ್ ಅಮೆರಿಕದ ಬಿಷಪರು ಬಡವರ ಕಿರು ಸಮುದಾಯಗಳನ್ನು ಸಭೆಯ ಜೀವಕೋಶಗಳೆಂದು ಗುರುತಿಸಿದ್ದರು. ಭಾರತದ ಧರ್ಮಕೇಂದ್ರಗಳಿಗೂ ಕಿರು ಕ್ರೈಸ್ತ ಸಮುದಾಯಗಳು ಅಪರಿಚಿತವಲ್ಲ.

ಆದರೆ ಪಶ್ಚಿಮದ ಪ್ರಶ್ನೆ ಹುಟ್ಟಿದ್ದು ಆರಾಧನೆಯ ಪೀಠಗಳು ಬರಿದಾದ ನಾಡಿನಲ್ಲಿ. ನಮ್ಮ ಪ್ರಶ್ನೆ ಬೇರೆ. ಅನೇಕ ಧರ್ಮಗಳ ನಡುವೆ ಚಿಕ್ಕ ಹಿಂಡಾಗಿ ಬಾಳುವ ಸಭೆ ತನ್ನ ನೆರೆಯವರಿಗೆ ಏನಾಗಿರಬೇಕು? ಈ ಪ್ರಶ್ನೆಯನ್ನು ನಾವು ಒಡೆಯರಪಾಳ್ಯದ ಸೀಮೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸೋಣ.

ನೆರೆಯವರು ಯಾರು?

ಕೊಳ್ಳೇಗಾಲದ ಸೀಮೆಯು 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆದುದರಿಂದ ಇಲ್ಲಿ ಕನ್ನಡ ಮತ್ತು ತಮಿಳು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಮಾರ್ಟಳ್ಳಿಯಂತಹ ಊರುಗಳಲ್ಲಿ ತಮಿಳು ಮಾತನಾಡುವ ಕಥೋಲಿಕ ಕುಟುಂಬಗಳಿವೆ. ಬೆಟ್ಟಗಳ ಪೋಡುಗಳಲ್ಲಿ ಸೋಲಿಗರಿದ್ದಾರೆ. ಒಡೆಯರಪಾಳ್ಯದ ಬಳಿ 1974ರಲ್ಲಿ ನೆಲೆಗೊಂಡ ಧೋಂಡೆನ್‌ಲಿಂಗ್ ಟಿಬೆಟನ್ ನಿರಾಶ್ರಿತರ ವಸತಿಯೂ ಬೌದ್ಧ ಮಠವೂ ಇವೆ. ಹಬ್ಬದ ದಿನಗಳಲ್ಲಿ ಮಾದಪ್ಪನ ಭಕ್ತರು ಹನೂರಿನ ದಾರಿಯಾಗಿ ಬೆಟ್ಟಕ್ಕೆ ನಡೆದುಹೋಗುತ್ತಾರೆ. ದಾರಿಯುದ್ದಕ್ಕೂ ಅವರಿಗೆ ನೀರು, ಅನ್ನ ನೀಡುವವರಿರುತ್ತಾರೆ. ಸೇವೆ ಎಂಬುದು ಸಭೆಯೇ ಈ ನಾಡಿಗೆ ತಂದ ವಸ್ತುವಲ್ಲ; ದಾಸೋಹದ ನೆಲದಲ್ಲಿ ಸಭೆಯೂ ಒಬ್ಬ ಸೇವಕಳು. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಆರಂಭವಾದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ಆರೋಗ್ಯ ಹಾಗೂ ಶಿಕ್ಷಣಕ್ಕಾಗಿ ಮಾಡಿದ ಕೆಲಸವನ್ನು ನಾವು ಕೃತಜ್ಞತೆಯಿಂದ ಸ್ಮರಿಸಬೇಕು. ದೇವರಾತ್ಮನು ನಮ್ಮ ಸಂಸ್ಥೆಗಳ ಗೋಡೆಯೊಳಗೆ ಮಾತ್ರ ಕಾರ್ಯಮಾಡುವಾತನಲ್ಲ.

ಪಂಕ್ತಿಯಿಂದ ಹುಟ್ಟಿದ ಸೇವೆ

ಅಪೊಸ್ತಲರ ಕೃತ್ಯಗಳು 2ನೆಯ ಅಧ್ಯಾಯದಲ್ಲಿ ಆದಿಸಭೆಯ ಚಿತ್ರಣವಿದೆ: ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ. ಇವು ಮನೆಮನೆಗಳಲ್ಲಿ ನಡೆದವು. 6ನೆಯ ಅಧ್ಯಾಯದಲ್ಲಿ ಆ ಸಭೆಯೊಳಗೆ ಗುಣುಗುಟ್ಟುವಿಕೆ ಹುಟ್ಟಿದ್ದು ತತ್ತ್ವದ ವಿಷಯದಲ್ಲಲ್ಲ, ಊಟದ ವಿಷಯದಲ್ಲಿ. ಗ್ರೀಕ್ ಭಾಷೆಯ ವಿಧವೆಯರಿಗೆ ದಿನದ ಪಾಲು ಸರಿಯಾಗಿ ಸಿಗುತ್ತಿರಲಿಲ್ಲ. ನಾವು ‘ಸೇವೆ’ ಎಂದು ಅನುವಾದಿಸುವ ‘ದಿಯಾಕೋನಿಯ’ ಎಂಬ ಗ್ರೀಕ್ ಪದವು ಊಟ ಬಡಿಸುವ ಕೆಲಸಕ್ಕೂ ಸಲ್ಲುತ್ತದೆ. ಭಾಷೆ ಬೇರೆಯಾದವರಿಗೆ ಪಂಕ್ತಿಯಲ್ಲಿ ಸಮಪಾಲು ಸಿಗಲೆಂದೇ ಏಳು ಮಂದಿಯನ್ನು ನೇಮಿಸಲಾಯಿತು. ಎರಡು ಭಾಷೆಗಳ ಈ ಸೀಮೆಗೆ ಆ ಪ್ರಸಂಗ ದೂರದ್ದಲ್ಲ.

ಸುಳ್ವಾಡಿಯ ದಿನ

2018ರ ಡಿಸೆಂಬರ್ 14ರಂದು, ಮಾರ್ಟಳ್ಳಿಯ ಸಮೀಪದ ಸುಳ್ವಾಡಿಯಲ್ಲಿ ಮಾರಮ್ಮನ ದೇವಸ್ಥಾನದ ಪ್ರಸಾದವನ್ನು ತಿಂದವರು ಒಬ್ಬೊಬ್ಬರಾಗಿ ಕುಸಿದುಬಿದ್ದರು. ಪ್ರಸಾದದಲ್ಲಿ ಕೀಟನಾಶಕ ಬೆರೆತಿತ್ತು. 17 ಮಂದಿ ಪ್ರಾಣ ಕಳೆದುಕೊಂಡರು. ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. ರೋಗಿಗಳನ್ನು ಕೊಂಡೊಯ್ದ ಆಸ್ಪತ್ರೆಗಳಲ್ಲಿ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯೂ ಒಂದು. ಅನೇಕರನ್ನು ಅನಂತರ ಮೈಸೂರಿಗೆ ಸಾಗಿಸಲಾಯಿತು.

ಈ ಘಟನೆಯನ್ನು ನಾವು ಹೆಗ್ಗಳಿಕೆಗಾಗಿ ನೆನೆಯುತ್ತಿಲ್ಲ. ಲೂಕ 10ನೆಯ ಅಧ್ಯಾಯದ ಸಮಾರ್ಯದವನು ಜೆರಿಕೋವಿನ ದಾರಿಯಲ್ಲಿ ಬಿದ್ದಿದ್ದವನ ಧರ್ಮವನ್ನು ವಿಚಾರಿಸಲಿಲ್ಲ. ಧರ್ಮಪಂಡಿತನು ತನ್ನ ನೆರೆಯವನಾರೆಂದು ಕೇಳಿದನು. ಯೇಸುವಾದರೋ ಬಿದ್ದವನಿಗೆ ನೆರೆಯವನಾದವನು ಯಾರೆಂದು ಪ್ರಶ್ನೆಯನ್ನೇ ತಿರುಗಿಸಿದನು. ವಿಷವುಂಡವನು ಬಾಗಿಲಿಗೆ ಬಂದಾಗ ಅವನು ಯಾವ ದೇವರ ಪ್ರಸಾದ ತಿಂದನೆಂಬುದು ವೈದ್ಯನಿಗೂ ದಾದಿಗೂ ಮುಖ್ಯವಲ್ಲ. ಆಸ್ಪತ್ರೆಯ ಬಾಗಿಲಿನ ಈ ಸಹಜತೆ ನಮ್ಮ ದಿನನಿತ್ಯದ ಸಭಾಜೀವನದಲ್ಲಿಯೂ ಇದೆಯೇ ಎಂಬುದೇ ನಮ್ಮ ಮುಂದಿರುವ ಪರೀಕ್ಷೆ.

ಸೇವೆ ಆಮಿಷವಾಗದಿರಲಿ

ಇಲ್ಲಿ ಒಂದು ಕಠಿಣ ಮಾತನ್ನು ಎದುರಿಸಲೇಬೇಕು. ಕರ್ನಾಟಕದಲ್ಲಿ 2022ರಲ್ಲಿ ಜಾರಿಗೆ ಬಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯು ಆಮಿಷವನ್ನು ವಿವರಿಸುವಾಗ ಉಡುಗೊರೆ, ಉದ್ಯೋಗ, ಉಚಿತ ಶಿಕ್ಷಣಗಳನ್ನೂ ಹೆಸರಿಸಿತು. ಕ್ರೈಸ್ತರಲ್ಲಿ ಇದು ನೋವನ್ನೂ ಭಯವನ್ನೂ ಉಂಟುಮಾಡಿತು. ಆದರೆ ಕಾನೂನಿನ ವಾದ ಏನೇ ಇರಲಿ, ಸುವಾರ್ತೆಯು ನಮ್ಮನ್ನು ಅದಕ್ಕಿಂತ ಆಳವಾಗಿ ಪ್ರಶ್ನಿಸುತ್ತದೆ. ಲೂಕ 17ರಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಗುಣಹೊಂದಿದರು. ಕೃತಜ್ಞತೆಯಿಂದ ಹಿಂದಿರುಗಿದವನು ಒಬ್ಬನೇ. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದನು, ಆದರೆ ಅವರ ಆರೋಗ್ಯವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಪ್ರತಿಫಲಕ್ಕಾಗಿ ಮಾಡಿದ ಸೇವೆ ವ್ಯಾಪಾರ. ಪ್ರೀತಿಯ ಫಲವಾಗಿ ಹುಟ್ಟಿದ ಸೇವೆಯೇ ಸಾಕ್ಷಿ. ನಮ್ಮ ನಿರೀಕ್ಷೆಯ ಕಾರಣವನ್ನು ಯಾರಾದರೂ ಕೇಳಿದರೆ ನಾವು ಸಾತ್ವಿಕತೆಯಿಂದ ಉತ್ತರಿಸೋಣ. ಕೇಳದಿದ್ದರೂ ಸೇವೆ ನಿಲ್ಲದಿರಲಿ.

ಪಡೆಯುವುದನ್ನೂ ಕಲಿಯೋಣ

ಸೇವೆಗೆ ಮತ್ತೊಂದು ಅಪಾಯವುಂಟು: ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಭಾವ. ಯೋಹಾನ 4ರಲ್ಲಿ ಯೇಸು ಸಮಾರ್ಯದ ಸ್ತ್ರೀಯೊಂದಿಗೆ ಮಾತು ಆರಂಭಿಸಿದ್ದು ಕುಡಿಯಲು ನೀರು ಬೇಡುವುದರಿಂದ. ಎಪ್ಪತ್ತು ಮಂದಿ ಶಿಷ್ಯರು ಕಳುಹಿಸಲ್ಪಟ್ಟದ್ದೂ ಬರಿಗೈಯಲ್ಲಿ, ಬಡಿಸಿದ್ದನ್ನು ಉಣ್ಣಲು. ಕಾಡನ್ನು ಬಲ್ಲ ಸೋಲಿಗ ಹಿರಿಯನಿಂದಲೂ, ನಾಡನ್ನು ಕಳೆದುಕೊಂಡು ಮತ್ತೆ ಬದುಕು ಕಟ್ಟಿಕೊಂಡ ಟಿಬೆಟನ್ ಅಜ್ಜಿಯಿಂದಲೂ ಸಭೆ ಕಲಿಯಬೇಕಾದುದು ಬಹಳವಿದೆ. ಅತಿಥಿಯಾಗಲು ಒಲ್ಲದವನು ನೆರೆಯವನಾಗಲಾರನು.

ಹಾಗಾದರೆ ಗುರುಗಳೂ ಸಭಾಪಾಲಕರೂ ಗುರುಮಠದ ವಿದ್ಯಾರ್ಥಿಗಳೂ ಎಲ್ಲಿಂದ ಆರಂಭಿಸಬೇಕು? ದೊಡ್ಡ ಯೋಜನೆಗಳಿಂದಲ್ಲ. ಕಿರು ಸಮುದಾಯದ ಕೂಟವು ವೇದಪಾಠದ ಅನಂತರ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲಿ: ಈ ವಾರ ನಮ್ಮ ಬೀದಿಯಲ್ಲಿ ನೊಂದವರು ಯಾರು? ಆಸ್ಪತ್ರೆಗೆ ಜೊತೆ ಬೇಕಾದ ಮುದುಕಿ, ಆನೆ ತುಳಿದ ಹೊಲದ ರೈತ, ಕಚೇರಿಯ ಅರ್ಜಿಯನ್ನು ಓದಲಾರದವನು, ದುಡಿಮೆಗಾಗಿ ತಂದೆತಾಯಿ ಊರು ಬಿಟ್ಟಾಗ ಅಜ್ಜಿಯ ಬಳಿ ಉಳಿದ ಮಗು. ಹೆಸರು ಹೇಳಿ ಪ್ರಾರ್ಥಿಸಿದ ಮೇಲೆ ಯಾರು ಹೋಗುವರೆಂದು ಅಲ್ಲಿಯೇ ನಿರ್ಧರಿಸಲಿ. ಆ ಪಟ್ಟಿಯಲ್ಲಿ ಕ್ರೈಸ್ತರ ಹೆಸರುಗಳು ಮಾತ್ರ ಇದ್ದರೆ, ನಮ್ಮ ಪ್ರಾರ್ಥನೆ ಇನ್ನೂ ಹೊಸ್ತಿಲು ದಾಟಿಲ್ಲವೆಂದು ತಿಳಿಯೋಣ.

ಕರ್ತನು ಟವಲನ್ನು ನಡುವಿಗೆ ಕಟ್ಟಿಕೊಂಡು ಶಿಷ್ಯರ ಪಾದಗಳನ್ನು ತೊಳೆದದ್ದು ಊಟದ ಮನೆಯಲ್ಲಿ. ಪ್ರಭುಭೋಜನದಿಂದ ಎದ್ದ ಸಭೆ ಹೋಗಬೇಕಾದುದು ನೆರೆಮನೆಗೆ. ಸಭೆ ಎಂದಿಗೂ ಉದಯಿಸುವುದು ಅಲ್ಲಿಯೇ.